ಅಗ್ಗದ ಮನೆ, ತಣ್ಣನೆಯ ಮನೆ

(ಹೈದರಾಬಾದಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದ ಅಂಗವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮಾತನಾಡತಕ್ಕವರು ಸಾಹಿತಿಗಳು, ಪಂಡಿತರು. ನಾನಾದರೋ ಬ್ಯಾಂಕಿನ ಒಬ್ಬ ಕಾರಕೂನ. ಬಿ.ಕಾಂ. ಓದಿ, ಜಮಾಖರ್ಚಿನ ಲೆಕ್ಕ ಬರೆಯುವುದನ್ನು ಬಿಟ್ಟರೆ ಬೇರೆ ವಿದ್ಯೆ ಕಲಿತವನಲ್ಲ. ಕಾರ್ಯದರ್ಶಿಗಳು ನನ್ನನ್ನು ಮಾತಿಗೆ ಕರೆದಾಗ ನನ್ನ ಸಂಕೋಚವನ್ನು ಅವರಲ್ಲಿ ಬಿನ್ನವಿಸಿಕೊಂಡೆ. “ನಿಮಗೆ ಗೊತ್ತಿರುವುದನ್ನೇ ಹೇಳಿ, ಸಾಕು” ಎಂದರು. ನನಗೆ ಗೊತ್ತಿರುವುದು ಮನೆಸಾಲದ ಮೇಜು. ಪ್ರತಿದಿನವೂ ಆ ಮೇಜಿನ ಮುಂದೆ ಬಂದು ಕುಳಿತುಕೊಳ್ಳುವವರು ಮನೆ ಕಟ್ಟುವ, ಇಲ್ಲವೆ ಮನೆ ಕೊಳ್ಳುವ ಜನ. ಆದುದರಿಂದ ಮನೆಯ ವಿಷಯವಾಗಿಯೇ ನಾಲ್ಕು ಮಾತು ಹೇಳುತ್ತೇನೆ.

ಈ ಊರಿಗೂ ನಮಗೂ ಇರುವ ನಂಟು ತಮಗೆ ತಿಳಿಯದುದೇನಲ್ಲ. ೧೯೫೬ನೆಯ ಇಸವಿ ನವೆಂಬರ್ ೧ರಂದು ನಮ್ಮ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಕನ್ನಡ ನಾಡನ್ನು ಸೇರುವವರೆಗೂ ಅವಕ್ಕೆ ಹೈದರಾಬಾದೇ ರಾಜಧಾನಿಯಾಗಿತ್ತು. ನಂಟು ಹೋದರೂ ಹಾದಿ ಹೋಗಲಿಲ್ಲ. ಹೊಟ್ಟೆಪಾಡಿಗಾಗಿ ನಾವು ಇಂದಿಗೂ ಇಲ್ಲಿಗೆ ಬರುತ್ತಿದ್ದೇವೆ. ಹೀಗೆ ಬಂದವರ ಮನಸ್ಸಿನಲ್ಲಿ ಎರಡು ಮನೆಗಳಿರುತ್ತವೆ. ಒಂದು, ಇಲ್ಲಿ ಕಂತಿನ ಮೇಲೆ ಕೊಳ್ಳುವ ಫ್ಲ್ಯಾಟು. ಇನ್ನೊಂದು, ಊರಿನಲ್ಲಿ ತಂದೆತಾಯಿಗಳಿಗಾಗಿ ಕಟ್ಟಿಸಬೇಕೆಂದಿರುವ ಮನೆ. ಎರಡನ್ನೂ ಕುರಿತು ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ನಮ್ಮಜ್ಜ ಕಟ್ಟಿಸಿದ ಮಾಳಿಗೆಯ ಮನೆಯಿತ್ತು. ಒಂದೂವರೆ ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. ಗೋಡೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಒಂದಡಿಗೂ ಮಿಕ್ಕಿದ ಮಣ್ಣು. ನಡುಮನೆಗೆ ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಸೋರುತ್ತಿತ್ತು. ಜಂತಿಗೆ ಗೆದ್ದಲು ಹಿಡಿದಿತ್ತು. ಪ್ರತಿವರ್ಷವೂ ಮಾಳಿಗೆಯ ಮೇಲೆ ಹುಲ್ಲು ಕಿತ್ತು, ಮಣ್ಣು ಹಾಕಿಸಬೇಕು. ಅವ್ವ ಕತ್ತಲೆಯಲ್ಲಿ ಅಡಿಗೆ ಮಾಡಿ ಮಾಡಿ ಕಣ್ಣು ಕೆಡಿಸಿಕೊಂಡಳು. ನೌಕರಿಯಲ್ಲಿರುವ ಮಗ ನಾನು. ೨೦೧೮ರಲ್ಲಿ ಸಾಲ ತೆಗೆದು, ಆ ಮನೆಯನ್ನು ಕೆಡವಿಸಿ, ಅದೇ ಜಾಗದಲ್ಲಿ ನಾಲ್ಕು ಕೋಣೆಗಳ ಆರ್.ಸಿ.ಸಿ. ಮನೆ ಕಟ್ಟಿಸಿದೆ. ಊರಿನವರೆಲ್ಲ ಬಂದು ಉಂಡು ಹರಸಿ ಹೋದರು.

ಮರುವರ್ಷ ಮೇ ತಿಂಗಳಲ್ಲಿ ರಜೆಯ ಮೇಲೆ ಊರಿಗೆ ಹೋದೆ. ರಾತ್ರಿ ಊಟವಾದ ಮೇಲೆ ಅಪ್ಪ ಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ದನದ ಕೊಟ್ಟಿಗೆಯಲ್ಲಿ ಕಂಬಳಿ ಹಾಸಿ ಮಲಗಿದ್ದರು. ಕೊಟ್ಟಿಗೆಯ ಹಳೆಯ ಮಣ್ಣಿನ ಮಾಳಿಗೆಯನ್ನು ನಾವು ಕೆಡವಿರಲಿಲ್ಲ. “ಅಪ್ಪಾ, ಹೊಸ ಮನಿ ಬಿಟ್ಟು ಇಲ್ಲ್ಯಾಕ ಮಲಗೀರಿ?” ಎಂದು ಕೇಳಿದೆ. ಅವರು ಎದ್ದು ಕೂಡಲೂ ಇಲ್ಲ. “ಮನಿ ಭಾಳ ಛಲೋ ಆಗ್ಯಾದಪಾ. ಬಂದವರಿಗಿ ತೋರಸಲಿಕ್ಕಿ ಅಡ್ಡಿಯಿಲ್ಲ. ಮಲಗಲಿಕ್ಕಿ ಮಾತ್ರ ಇದೇ ಇರ್ಲಿ” ಎಂದರು.

ಮಹನೀಯರೇ, ಆ ಮನೆಗೆ ತಗುಲಿದ ಸಿಮೆಂಟಿನ ಚೀಲಗಳ ಲೆಕ್ಕ ನನ್ನಲ್ಲಿತ್ತು. ಕಬ್ಬಿಣದ ತೂಕದ ಲೆಕ್ಕವಿತ್ತು. ಬಡ್ಡಿಯ ಲೆಕ್ಕ ಪೈಸೆಯವರೆಗೆ ಇತ್ತು. ಬಿಸಿಲಿನ ಲೆಕ್ಕವನ್ನು ಮಾತ್ರ ನಾನು ಬರೆದಿರಲಿಲ್ಲ. ಹೀಗೆ ಬರೆಯದೆ ಬಿಟ್ಟವನು ನಾನೊಬ್ಬನೇ ಅಲ್ಲವೆಂಬುದು ನನ್ನ ಮೇಜಿನ ಮುಂದೆ ಬರುವ ಅರ್ಜಿಗಳನ್ನು ನೋಡಿದರೆ ತಿಳಿಯುತ್ತದೆ.

ಬೇಸಗೆಯಲ್ಲಿ ನಮ್ಮ ಸೀಮೆಯ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ ಹಾಯ್ದು ಹೋಗುತ್ತಾನೆ. ಆದುದರಿಂದ ಒಂದು ಅಂತಸ್ತಿನ ಮನೆಗೆ ಅತಿ ಹೆಚ್ಚು ಶಾಖ ಬರುವುದು ಮಾಳಿಗೆಯಿಂದ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ಹಗಲೆಲ್ಲ ಕಾದು, ಸಂಜೆಯ ಹೊತ್ತಿಗೆ ಆ ಕಾವನ್ನು ಒಳಗೆ ಇಳಿಸತೊಡಗುತ್ತದೆ. ನಾವು ಮಲಗುವ ಹೊತ್ತಿಗೆ ಅದು ನಮ್ಮ ಮೇಲೆ ಕವುಚಿಟ್ಟ ಹಂಚಿನಂತಾಗಿರುತ್ತದೆ. ಎರಡನೆಯದು ಪಡುವಣ ಗೋಡೆ. ಸಂಜೆಯ ಬಿಸಿಲು ಓರೆಯಾಗಿ ಬೀಳುವುದರಿಂದ ಛಜ್ಜಾ ಅದನ್ನು ತಡೆಯಲಾರದು. ಹಳೆಯ ಮಾಳಿಗೆಯಾದರೋ ಒಂದಡಿ ಮಣ್ಣನ್ನು ಹೊತ್ತಿತ್ತು. ದಪ್ಪ ಗೋಡೆಯನ್ನು ದಾಟುವುದರೊಳಗೆ ಹಗಲಿನ ಕಾವಿಗೆ ರಾತ್ರಿಯಾಗಿ, ಹೊರಗಿನ ಗಾಳಿ ತಂಪಾಗಿರುತ್ತಿತ್ತು. ನಮ್ಮಜ್ಜನಿಗೆ ಶಾಸ್ತ್ರ ಗೊತ್ತಿರಲಿಲ್ಲ, ಬೇಸಗೆ ಗೊತ್ತಿತ್ತು.

ಹಾಗೆಂದಮಾತ್ರಕ್ಕೆ ಎಲ್ಲರೂ ಹಳೆಯ ಮಾಳಿಗೆಗೆ ಹಿಂದಿರುಗಿರೆಂದು ನಾನು ಹೇಳುವವನಲ್ಲ. ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಮ್ಮ ಗಡಿಯಿಂದ ಅದು ದೂರವಿಲ್ಲ. ನಮ್ಮ ಜಿಲ್ಲೆಗಳ ಜನ ಹಾಸಿಗೆ ಬಿಟ್ಟು ಹೊರಗೆ ಓಡಿಬಂದ ಕತೆಯನ್ನು ಇಲ್ಲಿಯ ಹಿರಿಯರು ಹೇಳಬಲ್ಲರು. ಅಲ್ಲಿ ಸಾವಿರಾರು ಜನರನ್ನು ಕೊಂದುದು ಇಂಥವೇ ಮನೆಗಳು. ಗುಂಡುಕಲ್ಲನ್ನು ಬರಿಯ ಮಣ್ಣಿನಲ್ಲಿ ಕೂಡಿಸಿದ ಗೋಡೆ, ಅದರ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ನೆಲ ನಡುಗಿದಾಗ ಗೋಡೆಯ ಎರಡು ಮೈಗಳೂ ಬೇರೆಬೇರೆಯಾಗಿ, ಮಾಳಿಗೆ ಮಲಗಿದ್ದವರ ಮೇಲೆ ಬಿದ್ದಿತು. ಅಂದಿನಿಂದ ನಮ್ಮವರಿಗೆ ಕಾಂಕ್ರೀಟಿನಲ್ಲಿ ನಂಬಿಕೆ ಹುಟ್ಟಿದ್ದರೆ ಅದು ಸಹಜವೇ ಆಗಿದೆ. ಗೋಡೆಗೆ ಆರುಪಾರು ಕಲ್ಲುಗಳನ್ನು ಇಡುವುದು, ಕಿಟಕಿ ಬಾಗಿಲುಗಳ ಮೇಲೆ ಮನೆಯ ಸುತ್ತ ಎಲ್ಲೂ ಕಡಿಯದಂತೆ ಕಾಂಕ್ರೀಟಿನ ಒಂದು ಪಟ್ಟಿ ಹಾಕುವುದು, ಇವೆರಡರಿಂದಲೇ ಕಲ್ಲಿನ ಮನೆ ಎಷ್ಟೋ ಭದ್ರವಾಗುತ್ತದೆಂದು ಎಂಜಿನಿಯರರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಆದುದರಿಂದ ನಮಗೆ ಬೇಕಾದುದು ಬೀಳದ ಮನೆ, ಬೇಯಿಸದ ಮನೆ, ಬಡವನ ಕೈಗೆಟುಕುವ ಮನೆ. ಈ ಮೂರೂ ಒಂದೇ ಮನೆಯಲ್ಲಿ ಕೂಡಿ ಬರಬಲ್ಲವೇ ಎಂಬುದೇ ಪ್ರಶ್ನೆ.

ಬರಬಲ್ಲವು ಎಂದು ತೋರಿಸಿಕೊಟ್ಟವರು ನಮ್ಮ ದೇಶದಲ್ಲಿಯೇ ಇದ್ದರು. ೧೯೧೭ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯೇ ಆಗಿ, ೨೦೦೭ರಲ್ಲಿ ತಿರುವನಂತಪುರದಲ್ಲಿ ಕಾಲವಾದರು. ಮನೆ ಕಟ್ಟುವ ಸಾಮಾನು ಐದು ಮೈಲಿಯೊಳಗೆ ಸಿಕ್ಕತಕ್ಕದ್ದಾಗಿರಬೇಕೆಂಬ ಗಾಂಧೀಜಿಯವರ ಮಾತನ್ನು ಅವರು ಜೀವನದುದ್ದಕ್ಕೂ ನೆನೆಯುತ್ತಿದ್ದರು. ಅವರು ಬಳಕೆಗೆ ತಂದ ಎರಡು ಉಪಾಯಗಳು ನನ್ನಂಥ ಲೆಕ್ಕದವನಿಗೂ ತಿಳಿಯುವಂಥವು.

ಮೊದಲನೆಯದು ‘ಇಲಿಬೋನು’ ಜೋಡಣೆಯ ಗೋಡೆ. ಇಟ್ಟಿಗೆಯನ್ನು ಮಲಗಿಸದೆ ಅದರ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಒಂಬತ್ತು ಅಂಗುಲದ ಗೋಡೆಯ ನಡುವೆ ಇಲಿಯ ಬೋನಿನಂತೆ ಪೊಳ್ಳು ಉಳಿಯುತ್ತದೆ. ಇದರಿಂದ ನಾಲ್ಕು ಇಟ್ಟಿಗೆ ಹಿಡಿಯುವಲ್ಲಿ ಸುಮಾರು ಮೂರೇ ಸಾಕಾಗುತ್ತವೆ, ಗಾರೆಯೂ ಉಳಿಯುತ್ತದೆ. ಪೊಳ್ಳಿನಲ್ಲಿ ಸಿಕ್ಕ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡದೆ ತಡೆಯುತ್ತದೆ.

ಎರಡನೆಯದು ಹಂಚು ಹುದುಗಿಸಿದ ಸ್ಲ್ಯಾಬು. ಮಾಳಿಗೆಯ ಕಾಂಕ್ರೀಟಿನಲ್ಲಿ ಕೆಳಭಾಗದ ಕಾಂಕ್ರೀಟು ಭಾರ ಹೊರುವುದರಲ್ಲಿ ಹೆಚ್ಚಿನ ಕೆಲಸ ಮಾಡುವುದಿಲ್ಲ. ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಆದುದರಿಂದ ಸರಳುಗಳ ನಡುವಣ ಜಾಗದಲ್ಲಿ ಎರಡೆರಡು ಮಂಗಳೂರು ಹಂಚುಗಳನ್ನು ಇಟ್ಟು ಮೇಲೆ ಕಾಂಕ್ರೀಟು ಹಾಕಿದರೆ, ಸುಮಾರು ಐದರಲ್ಲಿ ಒಂದು ಪಾಲು ಕಾಂಕ್ರೀಟು ಉಳಿಯುತ್ತದೆ. ಮಾಳಿಗೆಯ ಭಾರ ಇಳಿಯುತ್ತದೆ. ಎರಡು ಹಂಚುಗಳ ನಡುವಣ ಗಾಳಿ ಶಾಖವನ್ನು ತಡೆಯುತ್ತದೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಆರಂಭಿಸಿದ ಆ ಹಂಚೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆಯೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಮೂರನೆಯ ಉಪಾಯ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಆಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗೆ ಒಗ್ಗುವ ವಿಜ್ಞಾನವನ್ನು ಕಂಡುಹಿಡಿಯುವುದು ಅದರ ಗುರಿ. ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಅದುಮಿ, ಸುಡದೆ ನೀರುಣಿಸಿ ಗಟ್ಟಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬೆಳಸಿದರು. ಸುಟ್ಟ ಇಟ್ಟಿಗೆಗೆ ಹತ್ತುವ ಶಕ್ತಿಯಲ್ಲಿ ಇದಕ್ಕೆ ಸುಮಾರು ಕಾಲು ಪಾಲು ಸಾಕು. ಆದರೆ ಎಲ್ಲ ಮಣ್ಣೂ ಇದಕ್ಕೆ ಆಗದು. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ನಮ್ಮ ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ. ಮರಳು ಬೆರೆತ ಕೆಂಪುಮಣ್ಣು ಬೇಕು. ಒಂದೂರಿನ ಉಪಾಯವನ್ನು ಇನ್ನೊಂದೂರಿಗೆ ಕಣ್ಣು ಮುಚ್ಚಿಕೊಂಡು ಒಯ್ಯಬಾರದೆಂಬುದಕ್ಕೆ ಇದೇ ನಿದರ್ಶನ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಇಪ್ಪತ್ತು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಎಂಟೂವರೆ ಬಡ್ಡಿಯಂತೆ ಇಪ್ಪತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ೧೭,೩೫೬ ರೂಪಾಯಿ ಆಗುತ್ತದೆ. ಇಪ್ಪತ್ತು ವರ್ಷ ಕಟ್ಟಿ ಮುಗಿಸುವಾಗ ಒಟ್ಟು ನಲವತ್ತೊಂದೂವರೆ ಲಕ್ಷ ದಾಟಿರುತ್ತದೆ. ಎಂದರೆ, ಕಟ್ಟುವಾಗ ಉಳಿಸಿದ ಒಂದು ಲಕ್ಷ ರೂಪಾಯಿ, ಕೊನೆಗೆ ಎರಡು ಲಕ್ಷಕ್ಕಿಂತ ಹೆಚ್ಚನ್ನು ಉಳಿಸುತ್ತದೆ. ಇಟ್ಟಿಗೆಯಲ್ಲಿ ಕಾಲು ಪಾಲು, ಕಾಂಕ್ರೀಟಿನಲ್ಲಿ ಐದರಲ್ಲೊಂದು ಪಾಲು ಉಳಿಸುವುದರ ಬೆಲೆ ಇದು.

ಇನ್ನು ಕಾಯುವ ಮನೆಯ ಲೆಕ್ಕ. ತಂಪು ಮಾಡುವ ಯಂತ್ರ ಸರಾಸರಿ ಗಂಟೆಗೆ ಒಂದು ಯೂನಿಟ್ ವಿದ್ಯುತ್ತು ತಿನ್ನುತ್ತದೆಂದೂ, ದಿನಕ್ಕೆ ಹತ್ತು ಗಂಟೆ ನಡೆಯುತ್ತದೆಂದೂ, ಯೂನಿಟ್ಟಿಗೆ ಎಂಟು ರೂಪಾಯಿ ಎಂದೂ ಇಟ್ಟುಕೊಳ್ಳೋಣ. ತಿಂಗಳಿಗೆ ೨,೪೦೦ ರೂಪಾಯಿ. ಎರಡು ಕೋಣೆಗಳಿಗೆ, ಬೇಸಗೆಯ ಮೂರು ತಿಂಗಳಿಗೆ, ೧೪,೪೦೦ ರೂಪಾಯಿ. ವರ್ಷದ ಹನ್ನೆರಡು ತಿಂಗಳಿಗೆ ಹಂಚಿದರೆ ೧,೨೦೦ ರೂಪಾಯಿ. ಇದು ಇನ್ನೂ ಸುಮಾರು ೧ ಲಕ್ಷ ೩೮ ಸಾವಿರ ರೂಪಾಯಿ ಸಾಲ ತೆಗೆದವನು ಕಟ್ಟುವ ಕಂತಿಗೆ ಸಮ. ಯಂತ್ರದ ಬೆಲೆ ಬೇರೆ. ಬ್ಯಾಂಕಿನ ಕಂತು ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ. ಬಿಸಿಲಿನ ಕಂತಿಗೆ ಕೊನೆಯಿಲ್ಲ. ಅದನ್ನು ಕಟ್ಟಲಾರದವರು ನಮ್ಮ ತಂದೆಯವರಂತೆ ಕೊಟ್ಟಿಗೆಯಲ್ಲಿ ಮಲಗುತ್ತಾರೆ.

ಸರ್ಕಾರವೂ ಈ ವಿಷಯದಲ್ಲಿ ಕಣ್ಣು ತೆರೆದಿದೆ. ೨೦೧೮ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಇಕೋ ನಿವಾಸ ಸಂಹಿತೆ’ ಎಂಬ ನಿಯಮಾವಳಿಯನ್ನು ವಾಸದ ಮನೆಗಳಿಗಾಗಿ ಹೊರಡಿಸಿತು. ಅದರಲ್ಲಿ ಮಾಳಿಗೆಯ ಮೂಲಕ ಎಷ್ಟು ಶಾಖ ಇಳಿಯಬಹುದೆಂಬುದಕ್ಕೆ ಒಂದು ಮಿತಿಯನ್ನು ಹಾಕಿದ್ದಾರೆ. ಒಂದು ಚದರ ಮೀಟರಿಗೆ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ ೧.೨ ವ್ಯಾಟ್ ಮೀರಕೂಡದು. ಏನೂ ಹೊದಿಸದ ಬರಿಯ ಕಾಂಕ್ರೀಟು ಮಾಳಿಗೆಯಲ್ಲಿ ಇದು ಮೂರನ್ನು ಮೀರುತ್ತದೆ. ೨೦೨೩ರಲ್ಲಿ ಈ ತೆಲಂಗಾಣದ ಸರ್ಕಾರವೂ ಮಾಳಿಗೆಗಳನ್ನು ಬಿಸಿಲು ಹಿಂದಕ್ಕೆ ಚಿಮ್ಮುವಂತೆ ಬಿಳಿಯದಾಗಿ ಮಾಡುವ ‘ಕೂಲ್ ರೂಫ್’ ನೀತಿಯನ್ನು ಐದು ವರ್ಷಗಳಿಗೆ ಪ್ರಕಟಿಸಿತು. ಆದರೆ ಕಡ್ಡಾಯವೆನ್ನುವುದೆಲ್ಲ ಬಹುಮಟ್ಟಿಗೆ ದೊಡ್ಡ ನಿವೇಶನಗಳಿಗೆ. ಎಂಟುನೂರು ಚದರಡಿಯ ಸಣ್ಣ ಮನೆಗೆ ಯಾವ ಅಧಿಕಾರಿಯೂ ಬಂದು ಕೇಳುವುದಿಲ್ಲ. ಎತ್ತರದ ಕಟ್ಟಡದಲ್ಲಿ ಮಾಳಿಗೆಯ ಕಾವು ಮೇಲಿನ ಒಂದು ಅಂತಸ್ತಿಗೆ ಮಾತ್ರ. ಸಣ್ಣ ಮನೆಗಾದರೋ ಇರುವ ಕೋಣೆಗಳಿಗೆಲ್ಲ ಅದೇ ಮಾಳಿಗೆ. ಹೆಚ್ಚು ಬೇಯುವವನು ಬಡವನೇ. ಅವನ ನಿಯಮವನ್ನು ಅವನೇ ಹಾಕಿಕೊಳ್ಳಬೇಕು.

ನಮ್ಮ ಊರಿನ ಮನೆಗೆ ನಾನು ಆಮೇಲೆ ಮಾಡಿದ ಪ್ರಾಯಶ್ಚಿತ್ತವನ್ನೂ ಹೇಳಿಬಿಡುತ್ತೇನೆ. ಮಾಳಿಗೆಗೆ ಪ್ರತಿವರ್ಷ ಯುಗಾದಿಯ ಹೊತ್ತಿಗೆ ದಪ್ಪವಾಗಿ ಸುಣ್ಣ ಬಳಿಸುತ್ತೇವೆ. ಪಡುವಣ ಗೋಡೆಯ ಮುಂದೆ ಬಿದಿರಿನ ತಟ್ಟಿ ಕಟ್ಟಿಸಿ ಅವರೆಬಳ್ಳಿ ಹಬ್ಬಿಸಿದೆವು. ಎರಡು ಬೇವಿನ ಸಸಿ ನೆಟ್ಟೆವು. ಮೇಲುಗಡೆ ಬಿಸಿಗಾಳಿ ಹೊರಹೋಗಲು ಗೋಡೆಯಲ್ಲಿ ಕಿಂಡಿ ಬಿಡಿಸಿದೆವು. ಸುಣ್ಣದಂಥ ಬಿಳಿಯ ಲೇಪದಿಂದ ಒಳಗಿನ ಕಾವು ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಹುದೆನ್ನುತ್ತಾರೆ. ಅಪ್ಪ ಈಗ ಜೂನಿನಿಂದ ಮಾರ್ಚಿಯವರೆಗೆ ಒಳಗೆ ಮಲಗುತ್ತಾರೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕೊಟ್ಟಿಗೆ ಇನ್ನೂ ತಪ್ಪಿಲ್ಲ. ಕಟ್ಟಿದ ಮೇಲೆ ಮಾಡಿದ ಉಪಾಯಕ್ಕೆ ಅರ್ಧ ಫಲ. ನಕ್ಷೆಯ ಕಾಗದದ ಮೇಲೆ ಪೆನ್ಸಿಲಿನಿಂದ ಮಾಡಿದ ಉಪಾಯಕ್ಕೆ ಖರ್ಚೂ ಇಲ್ಲ, ಫಲವೂ ಪೂರ್ತಿ.

ಈ ವರ್ಷ ನನ್ನ ತಮ್ಮ ಅಲ್ಲಿಯೇ ಪಕ್ಕದಲ್ಲಿ ತನ್ನ ಮನೆ ಕಟ್ಟಿಸಬೇಕೆಂದು ಹೊರಟಿದ್ದಾನೆ. ನಕ್ಷೆಯನ್ನು ಇಬ್ಬರೂ ಕುಳಿತು ಹಾಕಿಸಿದೆವು. ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ, ಪಡುವಣಕ್ಕೆ ಮೆಟ್ಟಿಲು, ಬಚ್ಚಲು, ಕಾಳುಕಡಿ ಇಡುವ ಕೋಣೆ, ಎದುರುಬದುರು ಕಿಟಕಿ, ಮುಂದೆ ಪಡಸಾಲೆ. ಎರೆನೆಲವಾದುದರಿಂದ ತಳಪಾಯವನ್ನೂ, ಕಾಂಕ್ರೀಟಿನ ಪಟ್ಟಿಯನ್ನೂ ಎಂಜಿನಿಯರರು ಹೇಳಿದಂತೆ ಬಿಗಿ ಮಾಡಿದ್ದಾಗಿದೆ. ಆದರೆ ಇಲಿಬೋನಿನ ಗೋಡೆ ಎಂದಾಗ ತಮ್ಮ ಒಪ್ಪಲಿಲ್ಲ. “ಅಣ್ಣಾ, ಊರಾಗ ಯಾರೂ ಕಟ್ಟಿಲ್ಲ. ಪೊಳ್ಳ ಗ್ವಾಡಿ ಅಂತ ಜನ ನಗ್ತಾರ” ಎಂದ. ಗೌಂಡಿಗೂ ಮನಸ್ಸಿರಲಿಲ್ಲ. ಕೊನೆಗೆ ಹೊಲದ ಕಣಜದ ಕೋಣೆಯ ಪಡುವಣ ಗೋಡೆಯನ್ನು ಮಾತ್ರ ಹಾಗೆ ಕಟ್ಟಿ ನೋಡುವುದೆಂದು ರಾಜಿಯಾಯಿತು. ಗೌಂಡಿ ಮೊದಲ ದಿನ ಗೊಣಗಿದ, ಮೂರನೆಯ ದಿನಕ್ಕೆ ಕೈ ಕೂಡಿತು. ಉಳಿದ ಇಟ್ಟಿಗೆಯ ರಾಶಿಯನ್ನು ತಾನೇ ಎಣಿಸಿ ನೋಡಿದ. ಮೇ ತಿಂಗಳಲ್ಲಿ ಒಂದು ದಿನ ಹೊತ್ತು ಮುಳುಗುವ ಹೊತ್ತಿಗೆ ಅಪ್ಪ ಆ ಕೋಣೆಯೊಳಗೆ ಹೋಗಿ ಗೋಡೆಗೆ ಅಂಗೈ ಇಟ್ಟರು. ಆಮೇಲೆ ಹೊಸ ಮನೆಯ ಪಡುವಣ ಕೋಣೆಗೆ ಬಂದು ಅಲ್ಲಿಯೂ ಇಟ್ಟರು. ಏನೂ ಹೇಳಲಿಲ್ಲ. ಮರುದಿನ ತಮ್ಮನಿಗೆ, “ನಿಮ್ಮಣ್ಣ ಹೇಳಿದಂಗ ಕಟ್ಟು” ಎಂದರಂತೆ. ದೀಪಾವಳಿ ಕಳೆದ ಮೇಲೆ ಕೆಲಸ ಆರಂಭವಾಗುತ್ತದೆ.

ಊರಿನಲ್ಲಿ ಕಟ್ಟಿಸುವವರಿಗೆ ಇಷ್ಟಾಯಿತು. ಈ ನಗರದಲ್ಲಿ ಫ್ಲ್ಯಾಟು ಕೊಳ್ಳುವ ಬಂಧುಗಳು ಗೋಡೆಯನ್ನು ತಾವು ಕಟ್ಟಿಸಲಾರರು, ನಿಜ. ಆದರೆ ಪ್ರಶ್ನೆ ಕೇಳಬಲ್ಲರು. ಮುಂಗಡ ಕೊಡುವ ಮೊದಲು ಒಂದು ಸಂಜೆ ನಾಲ್ಕು ಗಂಟೆಗೆ ಹೋಗಿ ಆ ಮನೆಯಲ್ಲಿ ನಿಂತು ನೋಡಿ. ಮಲಗುವ ಕೋಣೆಯ ಪಡುವಣ ಗೋಡೆ ಬರಿದಾಗಿದೆಯೇ? ಒಂದು ಕಿಟಕಿಯಿಂದ ಬಂದ ಗಾಳಿ ಹೊರಹೋಗಲು ಎದುರಿಗೆ ಇನ್ನೊಂದಿದೆಯೇ? ಕಿಟಕಿಗೆ ಛಜ್ಜಾ ಇದೆಯೇ, ಬರಿಯ ಗಾಜೇ? ಮೇಲಿನ ಅಂತಸ್ತಾದರೆ ಮಾಳಿಗೆಗೆ ಏನು ಹೊದಿಸಿದ್ದಾರೆ? ಚಂದದ ಕಲ್ಲು ಹಾಸನ್ನು ನೋಡಿ ಮರುಳಾಗುವವರು ಹೆಚ್ಚು. ಮಾಳಿಗೆ ಹತ್ತಿ ನೋಡುವವರು ಕಡಮೆ. ಮನೆ ಹೊಕ್ಕ ಮೇಲೂ ಸಣ್ಣಪುಟ್ಟ ದಾರಿಗಳಿವೆ. ಹಳೆಯ ಫ್ಯಾನು ಎಪ್ಪತ್ತೈದು ವ್ಯಾಟ್ ತಿನ್ನುವಲ್ಲಿ ಈಗಿನ ಹೊಸ ಬಗೆಯ ಫ್ಯಾನು ಮೂವತ್ತರ ಸುಮಾರಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ನಮ್ಮ ಸದಸ್ಯರಲ್ಲಿ ಎಂಜಿನಿಯರರಿದ್ದಾರೆ, ಓವರ್‌ಸಿಯರರಿದ್ದಾರೆ, ನನ್ನಂಥ ಲೆಕ್ಕದವರೂ ಇದ್ದಾರೆ. ತಿಂಗಳಿಗೆ ಒಂದು ಆದಿತ್ಯವಾರ ಬೆಳಗ್ಗೆ ಸಂಘದ ಕೋಣೆಯಲ್ಲಿ ಎರಡು ಗಂಟೆ ಕುಳಿತು, ಮನೆ ಕಟ್ಟಿಸುವವರ ನಕ್ಷೆಯನ್ನು ನೋಡಿಕೊಡುವ ಏರ್ಪಾಡು ಮಾಡಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ಖರ್ಚಿನ ಬಾಬಿನಲ್ಲಿ ಚಹದ ಹೊರತು ಬೇರೆ ಏನೂ ಬರೆಯಬೇಕಾಗಿಲ್ಲ. ಲೆಕ್ಕದ ಮೇಜಿಗೆ ನಾನು ಸಿದ್ಧನಿದ್ದೇನೆ.

ನಾವು ಊರು ಬಿಟ್ಟು ಬಂದು ದುಡಿಯುವುದು ಹೆತ್ತವರು ಸುಖವಾಗಿ ಮಲಗಲೆಂದು. ಆ ಸುಖಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಕಟ್ಟುವ ಮೊದಲಿನ ಒಂದು ದಿನದ ವಿಚಾರ ಎಂಬುದನ್ನು ನಾನು ತಡವಾಗಿ ಕಲಿತೆ. ತಾವು ತಡಮಾಡದಿರಲಿ ಎಂದೇ ಇಷ್ಟು ಹೇಳಿದೆ.